ಶಾಖೆಯವರಿಗೊಂದು ಪುಟ: ಅಡಿಕೆ ಸಂಘವೊಂದರ ಬಗ್‌ಜಿಲ್ಲಾ ಟೆಂಪ್ಲೇಟ್ ಪ್ರಕರಣ

ಈ ಪ್ರಕರಣ ಶಿವಮೊಗ್ಗ ಜಿಲ್ಲೆಯ ಒಂದು ಅಡಿಕೆ ಮಾರಾಟ ಸಹಕಾರ ಸಂಘದ್ದು. ಸಂಘ ಯಾವುದು, ಶಾಖೆ ಯಾವ ಊರಿನದ್ದು, ಯಾರು ಏನು ಹೇಳಿದರು ಎಂಬುದು ಗುರುತು ಸಿಗದ ಹಾಗೆ ಬದಲಿಸಿದ್ದೇವೆ. ತಾಂತ್ರಿಕ ವಿವರ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಬಗ್‌ಜಿಲ್ಲಾದಂಥ, ದೂರು ದಾಖಲಿಸುವ ತಂತ್ರಾಂಶದ ಪುಟಗಳನ್ನು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಲು ಹೊರಟವರಿಗೆ ಉಪಯೋಗವಾಗಲಿ ಎಂದು ಬರೆದದ್ದು.

ಹಿನ್ನೆಲೆ

ಸಂಘದ ಕೇಂದ್ರ ಕಚೇರಿ ಪೇಟೆಯಲ್ಲಿದೆ. ಶಾಖೆಗಳು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಘಟ್ಟದ ಅಂಚಿನವರೆಗೂ ಹರಡಿಕೊಂಡಿವೆ. ಪ್ರತಿ ಶಾಖೆಯಲ್ಲೂ ಒಂದು ವಖಾರಿ, ಎಲೆಕ್ಟ್ರಾನಿಕ್ ತೂಕದ ಯಂತ್ರ, ಪಟ್ಟಿ ಹೊಡೆಯುವ ಪ್ರಿಂಟರ್, ಒಂದೋ ಎರಡೋ ಕಂಪ್ಯೂಟರ್. ರೈತರು ಮೂಟೆ ತಂದರೆ ತೂಕ ಆಗಬೇಕು, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ ಎಂದು ಅಡಿಕೆಯ ದರ್ಜೆ ನೋಡಬೇಕು, ಲಾಟ್ ನಂಬರ್ ಬೀಳಬೇಕು. ತೂಕದ ಯಂತ್ರ ಕೈಕೊಟ್ಟರೆ ಅಂಗಳದಲ್ಲಿ ಗಾಡಿಗಳು ಸಾಲು ನಿಲ್ಲುತ್ತವೆ, ಶಾಖೆಯವರು ಎಲ್ಲರ ಬಾಯಿಗೂ ಬೀಳುತ್ತಾರೆ.

ಮೊದಲು ದೂರುಗಳೆಲ್ಲ ಫೋನಿನಲ್ಲೇ ಬರುತ್ತಿದ್ದವು. ಯಾವುದು ಸರಿಹೋಯಿತು, ಯಾವುದು ಹೋಗಲಿಲ್ಲ ಎಂದು ಯಾರಿಗೂ ಲೆಕ್ಕ ಸಿಗುತ್ತಿರಲಿಲ್ಲ. ಕಚೇರಿಯಲ್ಲಿ ಕಂಪ್ಯೂಟರ್ ಗೊತ್ತಿದ್ದ ಒಬ್ಬ ಹುಡುಗ ಬಗ್‌ಜಿಲ್ಲಾ ಹಾಕಿಕೊಟ್ಟ. ಉಚಿತ, ಹಳೆಯ ಮೆಷಿನ್‌ನಲ್ಲೂ ಓಡುತ್ತದೆ, ದೂರಿನಲ್ಲಿ ಏನೇ ಬದಲಾದರೂ ಸಂಬಂಧಪಟ್ಟವರಿಗೆ ಮೇಲ್ ಹೋಗುತ್ತದೆ. ಆಯ್ಕೆ ಕೆಟ್ಟದ್ದೇನಲ್ಲ.

ಆದರೆ ಬಗ್‌ಜಿಲ್ಲಾ ಹುಟ್ಟಿದ್ದು 1998ರಲ್ಲಿ ಮೊಜಿಲ್ಲಾದವರ ಬ್ರೌಸರ್ ಕೆಲಸಕ್ಕೆ. ಅದರ ದೂರು ಪುಟ ತೆರೆದರೆ ಹಾರ್ಡ್‌ವೇರ್ ಯಾವುದು, ಆಪರೇಟಿಂಗ್ ಸಿಸ್ಟಮ್ ಯಾವುದು, ಯಾವ ವರ್ಷನ್, ಯಾವ ಮೈಲ್‌ಸ್ಟೋನ್ ಎಂದು ಕೇಳುತ್ತದೆ. ತೂಕದ ಯಂತ್ರ ಸೊನ್ನೆಗೆ ಬರುತ್ತಿಲ್ಲ ಎಂದು ಹೇಳಲು ಬಂದ ಗುಮಾಸ್ತರು ಅದನ್ನೆಲ್ಲ ನೋಡಿ ಏನು ಮಾಡಬೇಕು? ಹುಡುಗ ಪುಟಗಳನ್ನು ತಿದ್ದಿದ. ಬೇಡದ ಕಡೆ ಅಳಿಸಿದ, ಬೇಕಾದ ಕಡೆ ಕನ್ನಡ ಹಾಕಿದ, ಸಂಘದ ಲೋಗೋ ಕೂರಿಸಿದ. ಶಾಖೆಯವರು ಬಳಸತೊಡಗಿದರು. ಎರಡು ಹಂಗಾಮು ಕಳೆದ ಮೇಲೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಹೋದ.

ಸಮಸ್ಯೆ

ನಮ್ಮ ತಂಡವನ್ನು ಕರೆದದ್ದು ಸರ್ವರ್ ಸಾಯುವ ಹಂತಕ್ಕೆ ಬಂದ ಮೇಲೆ. ಹೊಸ ಮೆಷಿನ್ ಬಂದಿತ್ತು, ಅದರಲ್ಲಿ ಹೊಸ ಲಿನಕ್ಸ್ ಇತ್ತು. ಬಗ್‌ಜಿಲ್ಲಾ ಇದ್ದದ್ದು 4ರ ಸರಣಿಯ ಹಳೆಯ ಆವೃತ್ತಿಯಲ್ಲಿ. ಹೇಗೂ ಹೊಸ ಮೆಷಿನ್, 5.0ಕ್ಕೇ ಹೋಗೋಣ ಎಂದು ತೀರ್ಮಾನವಾಯಿತು. ಕಾರ್ಯದರ್ಶಿಯವರ ಷರತ್ತು ಒಂದೇ: "ಪುಟ ಮಾತ್ರ ಈಗ ಹೆಂಗಿದ್ಯೋ ಹಂಗೇ ಇರ್ಬೇಕು ಮಾರಾಯ್ರೆ. ಇದನ್ನ ಕಲಿಸೋಕೇ ನಂಗೆ ಸಾಕುಬೇಕಾಗಿ ಹೋಗಿದೆ."

ಮಾತು ಸರಿಯೇ. ತೊಡಕು ಇದ್ದದ್ದು ಹುಡುಗ ತಿದ್ದಿದ ಜಾಗದಲ್ಲಿ.

ಬಗ್‌ಜಿಲ್ಲಾದ ಪುಟಗಳೆಲ್ಲ ಟೆಂಪ್ಲೇಟ್ ಕಡತಗಳಿಂದ ಬರುತ್ತವೆ. ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಟೆಂಪ್ಲೇಟ್ ಟೂಲ್‌ಕಿಟ್ ಎಂಬುದು ಅವುಗಳನ್ನು ಪುಟವಾಗಿ ಜೋಡಿಸುತ್ತದೆ. ಟೆಂಪ್ಲೇಟ್ ಫೋಲ್ಡರ್ ಒಳಗೆ ಭಾಷೆಗೊಂದು ಫೋಲ್ಡರ್, ಅದರೊಳಗೆ ಡೀಫಾಲ್ಟ್ ಎಂಬ ಫೋಲ್ಡರ್. ಮೂಲ ಪುಟಗಳೆಲ್ಲ ಅಲ್ಲಿ. ತಿದ್ದಬೇಕಾದವರು ಅದರ ಪಕ್ಕದಲ್ಲಿ ಕಸ್ಟಮ್ ಎಂಬ ಫೋಲ್ಡರ್ ಮಾಡಿ, ಅದೇ ದಾರಿ, ಅದೇ ಹೆಸರಿನಲ್ಲಿ ಕಡತದ ಪ್ರತಿ ಇಟ್ಟು ಅದನ್ನು ತಿದ್ದಬೇಕು. ಬಗ್‌ಜಿಲ್ಲಾ ಮೊದಲು ಕಸ್ಟಮ್‌ನಲ್ಲಿ ಹುಡುಕುತ್ತದೆ, ಸಿಗದಿದ್ದರೆ ಡೀಫಾಲ್ಟ್‌ಗೆ ಬರುತ್ತದೆ. ಹುಡುಗ ನೇರವಾಗಿ ಡೀಫಾಲ್ಟ್ ಕಡತಗಳನ್ನೇ ತಿದ್ದಿದ್ದ. ಏನು ತಿದ್ದಿದೆ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ. ಹೊಸ ಆವೃತ್ತಿ ಹಾಕಿದ ಕೂಡಲೇ ಅದೆಲ್ಲ ಅಳಿಸಿ ಹೋಗಿ, ಮೈಲ್‌ಸ್ಟೋನ್ ಕೇಳುವ ಪುಟ ವಾಪಸ್ ಬರುತ್ತಿತ್ತು.

ಅವನನ್ನು ಬೈಯುವುದು ಸುಲಭ. ಅಷ್ಟು ದಿನ ಆ ಪುಟ ಕೆಲಸ ಮಾಡಿದ್ದೂ ಅವನಿಂದಲೇ ಅಲ್ವಾ.

ಮಾಡಿ ನೋಡಿದ್ದು

ಮೊದಲ ಕೆಲಸ, ಏನು ಬದಲಾಗಿದೆ ಎಂದು ಹುಡುಕುವುದು. ಹಳೆಯ ಆವೃತ್ತಿಯ ಮೂಲ ಪ್ರತಿಯನ್ನು ಇಳಿಸಿಕೊಂಡೆವು. ಸರಣಿ ಒಂದೇ ಆದರೆ ಸಾಲದು, ಸಂಘದಲ್ಲಿದ್ದ ಆವೃತ್ತಿಯೇ ಆಗಬೇಕು, ಇಲ್ಲದಿದ್ದರೆ ಮೊಜಿಲ್ಲಾದವರ ಬದಲಾವಣೆ ಯಾವುದು, ಹುಡುಗನದ್ದು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ಡಿಫ್ (ಸಾಲು ಸಾಲಿನ ವ್ಯತ್ಯಾಸ) ತೆಗೆದಾಗ ಉದ್ದ ಪಟ್ಟಿ ಬಂತು.

ಅದನ್ನು ಹೊಸ ಆವೃತ್ತಿಯ ಕಡತಗಳ ಮೇಲೆ ಹಾಗೇ ಕೂರಿಸಲು ಒಮ್ಮೆ ಯತ್ನಿಸಿದೆವು. ಹಿಡಿಯಲಿಲ್ಲ. ಎರಡು ಆವೃತ್ತಿಗಳ ನಡುವೆ ಪುಟದ ರಚನೆಯೇ ಬದಲಾಗಿತ್ತು. ಕೈಯಲ್ಲಿ ಸರಿಮಾಡಬಹುದಿತ್ತು, ಆದರೆ ಮುಂದಿನ ಸಲ ಮತ್ತೆ ಇದೇ ಕಥೆ. ಬದಲಾವಣೆಗಳನ್ನು ಹೊಸದಕ್ಕೆ ಹೊಂದಿಸುವ ಯೋಚನೆ ಅಲ್ಲಿಗೇ ಬಿಟ್ಟೆವು. ಪಟ್ಟಿಯ ಪ್ರತಿ ಸಾಲಿಗೂ "ಇದು ಯಾಕೆ ಬೇಕಾಗಿತ್ತು?" ಎಂದು ಕೇಳುತ್ತಾ ಹೋದೆವು. ಪ್ರಕರಣ ತಿರುಗಿದ್ದು ಇಲ್ಲಿ.

ಕೇಳಿದಾಗ ಗೊತ್ತಾಯಿತು, ತುಂಬಾ ಬದಲಾವಣೆಗಳಿಗೆ ಟೆಂಪ್ಲೇಟ್ ಮುಟ್ಟುವ ಅಗತ್ಯವೇ ಇರಲಿಲ್ಲ. ಮೈಲ್‌ಸ್ಟೋನ್ ಕಾಣಿಸಬಾರದು, ಕ್ಯೂಎ (ಗುಣಮಟ್ಟ ಪರೀಕ್ಷಿಸುವವರ) ಸಂಪರ್ಕ ಬೇಡ, ವೈಟ್‌ಬೋರ್ಡ್ (ಚಿಕ್ಕ ಷರಾ ಬರೆಯುವ ಖಾನೆ) ಬೇಡ: ಇವಕ್ಕೆಲ್ಲ ಅಡ್ಮಿನ್ ಪುಟದ ಪ್ಯಾರಾಮೀಟರ್‌ಗಳಲ್ಲಿ ಆನ್-ಆಫ್ ಗುಂಡಿ ಇದೆ. ಆದ್ಯತೆ, ತೀವ್ರತೆಯ ಹೆಸರುಗಳನ್ನು ಕನ್ನಡ ಮಾಡಬೇಕೇ? ಫೀಲ್ಡ್ ಮೌಲ್ಯಗಳ ಪುಟದಲ್ಲಿ ಬದಲಿಸಿದರೆ ಆಯಿತು, ಅವು ಡೇಟಾಬೇಸ್‌ನಲ್ಲಿ ಇರುತ್ತವೆ. ತೂಕದ ಯಂತ್ರದ ನಂಬರ್‌ಗೆ ಒಂದು ಖಾನೆ ಬೇಕೇ? ಕಸ್ಟಮ್ ಫೀಲ್ಡ್ (ನಾವೇ ಸೇರಿಸುವ ಖಾನೆ) ಮಾಡಬಹುದು, ಅದರ ಹೆಸರನ್ನು ಕನ್ನಡದಲ್ಲೇ ಕೊಡಬಹುದು. ಇಂಥ ಕಾಂಪೊನೆಂಟ್ (ದೂರು ಯಾವುದರದ್ದು ಎಂಬ ವಿಭಾಗ) ಆರಿಸಿದಾಗ ಮಾತ್ರ ಆ ಖಾನೆ ಕಾಣಿಸಲಿ ಎಂದೂ ಹೇಳಬಹುದು. ಪ್ರಿಂಟರ್ ದೂರು ಕೊಡುವವರಿಗೆ ತೂಕದ ಯಂತ್ರದ ಖಾನೆ ಎದುರಿಗೆ ಬರುವುದೇ ಇಲ್ಲ. ಡೇಟಾಬೇಸ್‌ನಲ್ಲಿ ಇರುವುದೆಲ್ಲ ಆವೃತ್ತಿ ಬದಲಾದರೂ ಜೊತೆಗೆ ಬರುತ್ತದೆ.

ಉಳಿದದ್ದು ದೂರು ಬರೆಯುವ ಪುಟ. ಅದನ್ನು ಪೂರ್ತಿ ಸರಳ ಮಾಡಲೇಬೇಕಿತ್ತು. ಇಲ್ಲಿ ಎರಡು ದಾರಿ ಇತ್ತು. ಒಂದು, ಮೂಲ ಪುಟದ ಪ್ರತಿ ಮಾಡಿ ಕಸ್ಟಮ್‌ನಲ್ಲಿಟ್ಟು ತಿದ್ದುವುದು. ಹಾಗೆ ಮಾಡಿದರೆ ಕೇಂದ್ರ ಕಚೇರಿಯ ತಾಂತ್ರಿಕ ಸಿಬ್ಬಂದಿಗೂ ಅದೇ ಬೋಳು ಪುಟ, ಅವರಿಗೆ ಬೇಕಾದ ಖಾನೆಗಳೂ ಮಾಯ. ಇನ್ನೊಂದು, ಶಾಖೆಯವರಿಗೇ ಬೇರೆ ಪುಟ. ಬಗ್‌ಜಿಲ್ಲಾದಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ, ಅದು ಅನೇಕರಿಗೆ ಗೊತ್ತಿಲ್ಲ. 'ಕ್ರಿಯೇಟ್' ಎಂಬ ಕಡತದ ಹೆಸರಿಗೆ ಒಂದು ಅಡ್ಡಗೆರೆ (-) ಹಾಕಿ ನಮ್ಮದೊಂದು ಹೆಸರು ಸೇರಿಸಿ ಹೊಸ ಕಡತ ಇಟ್ಟರೆ, ವಿಳಾಸದಲ್ಲಿ 'ಫಾರ್ಮ್ಯಾಟ್' ಎಂದು ಆ ಹೆಸರು ಕೊಟ್ಟಾಗ ಅದೇ ಪುಟ ತೆರೆಯುತ್ತದೆ. ಮೂಲ ಪುಟ ಹಾಗೇ ಇರುತ್ತದೆ. ಜೊತೆಗೆ 'ಕಮೆಂಟ್' ಎಂಬ ಇನ್ನೊಂದು ಕಡತವನ್ನು ಅದೇ ಹೆಸರಿನಲ್ಲಿ ಇಟ್ಟರೆ, ನಮ್ಮ ಪುಟದಲ್ಲಿ ಹಾಕಿದ ಖಾನೆಗಳಲ್ಲಿ ಬರೆದದ್ದನ್ನೆಲ್ಲ ಜೋಡಿಸಿ ದೂರಿನ ಮೊದಲ ಟಿಪ್ಪಣಿಯಾಗಿ ಬರೆಯುತ್ತದೆ. ಅಂದರೆ ಕಸ್ಟಮ್ ಫೀಲ್ಡ್ ಮಾಡದೆಯೂ ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು.

ಯಾವುದನ್ನು ಫೀಲ್ಡ್ ಮಾಡಬೇಕು, ಯಾವುದನ್ನು ಟಿಪ್ಪಣಿಗೆ ಬಿಡಬೇಕು ಎಂಬ ಚರ್ಚೆ ಸ್ವಲ್ಪ ಜೋರಾಗಿಯೇ ನಡೆಯಿತು. ಕಾರ್ಯದರ್ಶಿಯವರಿಗೆ ಎಲ್ಲವೂ ಫೀಲ್ಡ್ ಆಗಬೇಕು. ಕಸ್ಟಮ್ ಫೀಲ್ಡ್ ಮಾಡುವುದು ಸಲೀಸು, ತೆಗೆಯುವುದು ಕಷ್ಟ. ಮೊದಲು ಅದನ್ನು ಬಳಕೆಯಲ್ಲಿಲ್ಲ ಎಂದು ಗುರುತಿಸಬೇಕು, ಯಾವುದಾದರೂ ದೂರಿನಲ್ಲಿ ಅದಕ್ಕೆ ಏನಾದರೂ ತುಂಬಿದ್ದರೆ ಅಳಿಸಲು ಬಿಡುವುದಿಲ್ಲ. ಕೊನೆಗೆ ಒಂದು ಮಾತಿಗೆ ಬಂದೆವು. ತಿಂಗಳ ಕೊನೆಗೆ ಎಣಿಸಬೇಕಾದದ್ದು ಫೀಲ್ಡ್, ಓದಿದರೆ ಸಾಕಾದದ್ದು ಟಿಪ್ಪಣಿ. ಯಂತ್ರದ ನಂಬರ್ ಮತ್ತು ಶಾಖೆಯ ಹೆಸರು ಫೀಲ್ಡ್ ಆದವು. 'ಕರೆಂಟ್ ಹೋಗಿ ಬಂದ ಮೇಲೆ ಹೀಗಾಯಿತಾ?', 'ಅಂಗಳದಲ್ಲಿ ಗಾಡಿ ಕಾಯುತ್ತಿದೆಯಾ?' ಇಂಥವು ಟಿಪ್ಪಣಿಗೆ ಹೋದವು.

ಎರಡೆರಡು ದೂರು

ಈ ನಡುವೆ ಹಳೆಯ ಮಾಹಿತಿ ನೋಡುವಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಒಂದೇ ಶಾಖೆಯಿಂದ, ಒಂದೇ ಮಾತಿನ ದೂರು ಎರಡು ಸಲ, ಕೆಲವೊಮ್ಮೆ ಮೂರು ಸಲ. ಎಲ್ಲ ಒಂದೆರಡು ನಿಮಿಷದ ಅಂತರದಲ್ಲಿ. ಜೂನ್, ಜುಲೈ, ಆಗಸ್ಟ್‌ನಲ್ಲೇ ಜಾಸ್ತಿ. ಕೇಂದ್ರ ಕಚೇರಿಯಲ್ಲಿ ಇದಕ್ಕೆ ಕಾರಣ ಆಗಲೇ ನಿರ್ಧಾರವಾಗಿತ್ತು: ಶಾಖೆಯವರಿಗೆ ಗಡಿಬಿಡಿ, ಒತ್ತಿದ್ದನ್ನೇ ಒತ್ತುತ್ತಾರೆ.

ಒಂದು ಶಾಖೆಗೆ ಹೋಗಿ ಅಲ್ಲಿನ ಗುಮಾಸ್ತೆಯವರ ಪಕ್ಕ ಕೂತು ನೋಡಿದೆವು. ಹೊರಗೆ ಮಳೆ ಹೊಡೆಯುತ್ತಿತ್ತು. ಅವರು ದೂರು ಬರೆದು ಗುಂಡಿ ಒತ್ತಿದರು. ಪುಟ ಸುತ್ತುತ್ತಾ ನಿಂತಿತು. ಲೈನ್ ನಿಧಾನ. ಒಂದಷ್ಟು ಹೊತ್ತು ಕಾದು ಮತ್ತೆ ಒತ್ತಿದರು. "ಹೋಯ್ತೋ ಇಲ್ವೋ ಎಂತ ಗೊತ್ತಾಗ್ತದೆ ಸರ್? ಹೋಗ್ದೇ ಇದ್ರೆ ನಾಳೆ ನನ್ನೇ ಕೇಳ್ತಾರಲ್ಲ," ಎಂದರು. ನ್ಯಾಯವಾದ ಮಾತು.

ಬಗ್‌ಜಿಲ್ಲಾಕ್ಕೆ ಈ ಸಂಗತಿ ಗೊತ್ತಿಲ್ಲದ್ದೇನಲ್ಲ. ದೂರು ಬರೆಯುವ ಮೂಲ ಪುಟದೊಳಗೆ ಕಣ್ಣಿಗೆ ಕಾಣದ ಒಂದು ಟೋಕನ್, ಅಂದರೆ ಗುರುತಿನ ಸಂಕೇತ, ಇರುತ್ತದೆ. ಪುಟ ತೆರೆದಾಗಲೆಲ್ಲ ಹೊಸದು. ಅದೇ ಟೋಕನ್‌ನೊಂದಿಗೆ ಎರಡನೇ ಸಲ ದೂರು ಬಂದರೆ ಬಗ್‌ಜಿಲ್ಲಾ ತಡೆದು, ಈ ಪುಟದಿಂದ ಆಗಲೇ ದೂರು ದಾಖಲಾಗಿದೆ ಎಂದು ಹೇಳುತ್ತದೆ. ಡಿಫ್ ಪಟ್ಟಿ ತೆಗೆದು ನೋಡಿದರೆ, ಹುಡುಗ ಬೇಡದ ಸಾಲುಗಳನ್ನು ಅಳಿಸುವಾಗ ಆ ಟೋಕನ್ ಸಾಲೂ ಹೋಗಿತ್ತು. ಪರದೆಯ ಮೇಲೆ ಏನೂ ಕಾಣಿಸದ ಸಾಲು, ಬೇಡದ್ದು ಅನ್ನಿಸಿರಬೇಕು. ಹಳೆಯ ಆವೃತ್ತಿ ಟೋಕನ್ ಇಲ್ಲದಿದ್ದರೂ ಸುಮ್ನೆ ದೂರು ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಮಳೆಗಾಲದ ಎರಡೆರಡು ದೂರಿಗೆ ಗುಮಾಸ್ತೆಯ ಬೆರಳು ಕಾರಣ ಅಲ್ಲ. ಪರೀಕ್ಷೆಯ ಪ್ರತಿಯಲ್ಲಿ ಟೋಕನ್ ಇಲ್ಲದ ಪುಟವನ್ನು 5.0ಕ್ಕೆ ಕೊಟ್ಟಾಗ ಅದು ಎಚ್ಚರಿಕೆಯ ಪುಟ ತೋರಿಸಿ ನಿಂತುಬಿಟ್ಟಿತು. ಅದನ್ನು ನೋಡದೆ ಹಳೆಯ ಪುಟವನ್ನೇ ತಂದು ಕೂರಿಸಿದ್ದರೆ ಒಂದು ಶಾಖೆಯಿಂದಲೂ ಸಲೀಸಾಗಿ ದೂರು ಬರುತ್ತಿರಲಿಲ್ಲ.

ಕಾರ್ಯದರ್ಶಿಯವರು ಇದನ್ನು ಕೇಳಿ ಏನೂ ಹೇಳಲಿಲ್ಲ. ಆದರೆ ಶಾಖೆಗಳಿಗೆ ಕಳಿಸಿದ್ದ 'ಒಮ್ಮೆ ಮಾತ್ರ ಒತ್ತಬೇಕು' ಎಂಬ ಸುತ್ತೋಲೆಯನ್ನು ಗೋಡೆಯಿಂದ ತೆಗೆಸಿದರು.

ಹೊಸ ಪುಟ ಕಟ್ಟುವಾಗ

ಪರೀಕ್ಷೆಗೆ ಡೇಟಾಬೇಸ್‌ನ ಪ್ರತಿಯನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೆವು. ಮೊದಲು ಮಾಡಿದ್ದು ಮೇಲ್ ಕಳಿಸುವ ವಿಧಾನವನ್ನು 'ಟೆಸ್ಟ್' ಎಂದು ಬದಲಿಸಿದ್ದು. ಆಗ ಮೇಲ್‌ಗಳು ಹೊರಗೆ ಹೋಗುವುದಿಲ್ಲ, ಒಂದು ಕಡತಕ್ಕೆ ಬಂದು ಬೀಳುತ್ತವೆ. ಇಲ್ಲದಿದ್ದರೆ ನಮ್ಮ ಸುಳ್ಳು ದೂರುಗಳಿಗೆ ರಿಪೇರಿಯವರು ನಿಜವಾಗಿ ಘಟ್ಟ ಹತ್ತಿ ಹೋಗುತ್ತಿದ್ದರು.

ಪುಟದ ಮೊದಲ ಪ್ರತಿ ಚೆನ್ನಾಗಿ ತೆರೆಯಿತು, ದೂರೂ ದಾಖಲಾಯಿತು. ಆದರೆ ಕರೆಂಟ್ ಬಗ್ಗೆ ಕೇಳಿದ ಪ್ರಶ್ನೆಗೆ ಬರೆದ ಉತ್ತರ ಎಲ್ಲೂ ಇಲ್ಲ. ಪುಟ ತೆರೆಯುವಾಗ ವಿಳಾಸದಲ್ಲಿ ಕೊಟ್ಟ ಫಾರ್ಮ್ಯಾಟ್ ಹೆಸರನ್ನು, ಪುಟದೊಳಗೆ ಅಡಗಿಸಿದ ಖಾನೆಯಾಗಿ ಮತ್ತೆ ಕಳಿಸಬೇಕು. ಕಳಿಸದಿದ್ದರೆ ಬಗ್‌ಜಿಲ್ಲಾ ತನ್ನ ಮಾಮೂಲಿ ಕಮೆಂಟ್ ಕಡತವನ್ನೇ ಬಳಸುತ್ತದೆ, ನಮ್ಮ ಹೆಚ್ಚುವರಿ ಖಾನೆಗಳನ್ನು ಕೇಳುವವರೇ ಇಲ್ಲ. ತಪ್ಪು ಸಂದೇಶವೂ ಬರುವುದಿಲ್ಲ, ಅದೇ ಕಷ್ಟ. ಫಾರ್ಮ್ಯಾಟ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಡ್ಡಗೆರೆ ಮಾತ್ರ ನಡೆಯುತ್ತದೆ. ಕೊನೆಗೆ ಒಂದು ಅಂಕಿ ಸೇರಿಸಿದರೆ ಬಗ್‌ಜಿಲ್ಲಾ ಆ ಅಂಕಿಯನ್ನು ಕಿತ್ತುಹಾಕಿ ಹುಡುಕುತ್ತದೆ, ಕಡತ ಸಿಗಲಿಲ್ಲ ಎನ್ನುತ್ತದೆ. ವರ್ಷನ್ ಎಂಬ ಖಾನೆ ಕಡ್ಡಾಯ, ಹಾಗಾಗಿ ಅದನ್ನು ತೆಗೆಯುವ ಬದಲು ಒಂದು ಖಾಯಂ ಮೌಲ್ಯ ಕೊಟ್ಟು ಅಡಗಿಸಿದೆವು.

ರಿಪೇರಿಯವರಿಗೆ ಕೊಡುವ ಚೀಟಿ ಇನ್ನೊಂದು ಕೆಲಸ. ಹುಡುಗ ದೂರು ತೋರಿಸುವ ಪುಟವನ್ನೇ ಪ್ರಿಂಟ್‌ಗೆ ಹೊಂದುವ ಹಾಗೆ ಕತ್ತರಿಸಿದ್ದ. ಅದಕ್ಕೂ ಬೇರೆ ಫಾರ್ಮ್ಯಾಟ್ ಮಾಡಿದೆವು: ಮೇಲೆ ದೂರಿನ ನಂಬರ್, ಯಂತ್ರ, ಶಾಖೆ, ಕೆಳಗೆ ಸಹಿಗೆ ಜಾಗ. ಇದನ್ನು ಮಾಡುವಾಗ ಹಳೆಯದರಲ್ಲಿದ್ದ ಒಂದು ಅಪಾಯ ಸಿಕ್ಕಿತು. ಒಬ್ಬ ಗುಮಾಸ್ತರು ಪ್ರಿಂಟರ್ ತೋರಿಸಿದ ಇಂಗ್ಲಿಷ್ ಸಂದೇಶವನ್ನು ಹಾಗೇ ನಕಲು ಮಾಡಿ ಅಂಟಿಸಿದ್ದರು. ಅದರಲ್ಲಿ ಒಂದು ಪದ ಕೋನಾಕಾರದ ಕಂಸದೊಳಗೆ ಇತ್ತು. ಚೀಟಿಯಲ್ಲಿ ಆ ಪದವೇ ಇಲ್ಲ, ಯಾಕೆಂದರೆ ಬ್ರೌಸರ್ ಅದನ್ನು ಟ್ಯಾಗ್ ಎಂದು ತಿಳಿದು ನುಂಗಿತ್ತು. ಟೆಂಪ್ಲೇಟ್‌ನಲ್ಲಿ ಜನ ಬರೆದದ್ದನ್ನು ತೋರಿಸುವ ಕಡೆಯಲ್ಲೆಲ್ಲ ಎಚ್‌ಟಿಎಂಎಲ್ ಫಿಲ್ಟರ್ (ಇಂಥ ಕಂಸವನ್ನು ಟ್ಯಾಗ್ ಆಗಿಸದೆ ಬರೀ ಅಕ್ಷರವಾಗಿ ತೋರಿಸುವುದು) ಹಾಕಲೇಬೇಕು. ಇವತ್ತು ಒಂದು ಪದ ಮಾಯವಾಗಿದೆ. ಅದೇ ದಾರಿಯಲ್ಲಿ ಯಾರಾದರೂ ಸ್ಕ್ರಿಪ್ಟ್ ತೂರಿಸಿದರೆ ಅಡ್ಮಿನ್ ಆದವರು ಆ ಚೀಟಿಯ ಪುಟ ತೆರೆದಾಗ ಅದು ಓಡುತ್ತದೆ. ಬಗ್‌ಜಿಲ್ಲಾ ಜೊತೆಗೇ ಬರುವ ಪರೀಕ್ಷೆಗಳಲ್ಲಿ ಫಿಲ್ಟರ್ ಬಿಟ್ಟ ಜಾಗಗಳನ್ನು ಹುಡುಕಿ ಹೇಳುವ ಒಂದು ಇದೆ. ನಾವು ಆಮೇಲೆ ಅದನ್ನು ಓಡಿಸದೆ ಯಾವ ಕಡತವನ್ನೂ ಸರ್ವರ್‌ಗೆ ಹಾಕಲಿಲ್ಲ.

ದೂರಿನ ಪುಟದಲ್ಲಿ ರಿಪೇರಿಯವರ ಫೋನ್ ನಂಬರ್ ಕಾಣಿಸಬೇಕಿತ್ತು. ಅದಕ್ಕೆ ಕಡತದ ಪ್ರತಿ ಮಾಡಲಿಲ್ಲ. ಬಗ್‌ಜಿಲ್ಲಾ ತನ್ನ ಟೆಂಪ್ಲೇಟ್‌ಗಳ ನಡುವೆ ಅಲ್ಲಲ್ಲಿ, ಹೊರಗಿನ ಸಾಲು ಸೇರಿಸಲು, ಹುಕ್ ಎಂಬ ಜಾಗ ಬಿಟ್ಟಿರುತ್ತದೆ. ಕಸ್ಟಮ್ ಫೀಲ್ಡ್‌ಗಳ ಕೆಳಗೆ ಒಂದು ಹುಕ್ ಇದೆ. ಚಿಕ್ಕ ಎಕ್ಸ್‌ಟೆನ್ಷನ್ (ಹೊರಗಿನಿಂದ ಜೋಡಿಸುವ ತುಣುಕು) ಮಾಡಿ ಅದರಲ್ಲಿ ನಮ್ಮ ನಾಲ್ಕು ಸಾಲು ಇಟ್ಟೆವು. ಖಾನೆಗಳ ಕನ್ನಡ ಹೆಸರುಗಳೂ ಹಾಗೇ, ಹೆಸರಿನ ಪಟ್ಟಿ ಇರುವ ಕಡತದ ಕೊನೆಯ ಹುಕ್‌ನಲ್ಲಿ ಹೋದವು. ಕಸ್ಟಮ್ ಫೋಲ್ಡರ್‌ನಲ್ಲಿ ಇಟ್ಟ ಪ್ರತಿ ಅಳಿಸಿ ಹೋಗುವುದಿಲ್ಲ, ನಿಜ. ಆದರೆ ಮೂಲ ಪುಟ ಮುಂದೆ ಹೋದಾಗ ಪ್ರತಿ ಹಿಂದೆಯೇ ಉಳಿದು, ಮುಖ್ಯವಾದ ಸಾಲು ತಪ್ಪಬಹುದು. ಟೋಕನ್ ಕಥೆ ಆದ ಮೇಲೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಎಲ್ಲ ಪುಟವನ್ನೂ ಕನ್ನಡ ಮಾಡೋಣ ಎಂಬ ಆಸೆ ಕಾರ್ಯದರ್ಶಿಯವರಿಗೆ ಇತ್ತು. ಬೇಡ ಎಂದೆವು. ನೂರಾರು ಕಡತ, ಪ್ರತಿ ಆವೃತ್ತಿಗೂ ಮತ್ತೆ ನೋಡಬೇಕು, ಅಷ್ಟು ಕೈ ಸಂಘದಲ್ಲಿ ಇಲ್ಲ. ಶಾಖೆಯವರು ಮುಟ್ಟುವ ಪುಟಗಳು ಪೂರ್ತಿ ಕನ್ನಡ, ಅಡ್ಮಿನ್ ಕಡೆಯದ್ದು ಇಂಗ್ಲಿಷ್‌ನಲ್ಲೇ ಇರಲಿ ಎಂದು ಒಪ್ಪಿದರು.

ಏನಾಯಿತು

ಬದಲಾವಣೆಯನ್ನು ಮಳೆಗಾಲದಲ್ಲೇ ಮಾಡಿದೆವು. ಲೈನ್ ಕೆಟ್ಟದ್ದಾದರೂ ಆಗ ವಖಾರಿಯಲ್ಲಿ ಕೆಲಸ ಕಡಿಮೆ. ಕೊಯ್ಲು ಶುರುವಾಗಿ ಮೂಟೆ ಬರತೊಡಗಿದ ಮೇಲೆ ಯಾರೂ ಹೊಸ ಪುಟ ಕಲಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಟೆಂಪ್ಲೇಟ್ ಕಡತಗಳನ್ನು ಇಟ್ಟ ಮೇಲೆ ಚೆಕ್‌ಸೆಟಪ್ ಸ್ಕ್ರಿಪ್ಟ್ ಓಡಿಸಬೇಕು. ಅದು ಟೆಂಪ್ಲೇಟ್‌ಗಳನ್ನು ಮತ್ತೆ ಕಂಪೈಲ್ ಮಾಡುತ್ತದೆ, ಕಡತಗಳ ಅನುಮತಿಯನ್ನೂ ಸರಿಪಡಿಸುತ್ತದೆ.

ಒಂದೇ ದೂರು ಎರಡೆರಡು ಸಲ ಬರುವುದು ನಿಂತಿತು. ಶಾಖೆಯವರು ಈಗಲೂ ಎರಡು ಸಲ ಒತ್ತುತ್ತಾರೆ, ಬಗ್‌ಜಿಲ್ಲಾ ತಡೆಯುತ್ತದೆ. ಆ ತಡೆಯುವ ಪುಟದ ಇಂಗ್ಲಿಷ್ ನೋಡಿ ಮೊದಲ ವಾರ ಇಬ್ಬರು ಮೂವರು ಗಾಬರಿಯಾಗಿ ಫೋನ್ ಮಾಡಿದರು. ಆ ಪುಟವನ್ನೂ ಕನ್ನಡ ಮಾಡಿ ಕಸ್ಟಮ್‌ಗೆ ಹಾಕಿದೆವು. ನಾವು ಪೂರ್ತಿ ಪ್ರತಿ ಮಾಡಿ ತಿದ್ದಿದ ಮೂಲ ಪುಟ ಅದೊಂದೇ.

ಎಲ್ಲವೂ ಒಪ್ಪಿಗೆಯಾಗಲಿಲ್ಲ. ಹುಡುಗ ಮಾಡಿದ್ದ ಪುಟದಲ್ಲಿ ಗುಂಡಿ ಮೇಲೆ ಬಲಗಡೆ ಇತ್ತು, ನಮ್ಮದರಲ್ಲಿ ಕೆಳಗೆ. ಒಂದು ಶಾಖೆಯವರು ಅದಕ್ಕೇ ಹಂಗಾಮು ಪೂರ್ತಿ ಗೊಣಗಿದರು. ಬದಲಿಸಲು ಐದು ನಿಮಿಷ ಸಾಕು. ಆದರೆ ಕೆಳಗೆ ಇದ್ದರೆ ಎಲ್ಲ ಖಾನೆ ನೋಡಿ ಒತ್ತುತ್ತಾರೆ, ಹಾಗಾಗಿ ಬದಲಿಸಲಿಲ್ಲ. ಈ ವಿಷಯದಲ್ಲಿ ನಮ್ಮ ತಂಡದಲ್ಲೇ ಎರಡು ಅಭಿಪ್ರಾಯ ಇದೆ.

ಈಗ ಇಂಥ ಕೆಲಸ ಬಂದಾಗ ನಾವು ಕೇಳುವ ಪ್ರಶ್ನೆಗಳ ಸಾಲು ಇದರಿಂದ ಬಂದದ್ದು. ಇದು ಸೆಟ್ಟಿಂಗ್‌ನಲ್ಲಿ ಆಗುತ್ತದಾ? ಆಗದಿದ್ದರೆ ಡೇಟಾಬೇಸ್‌ನಲ್ಲಿ ಇಡುವಂಥದ್ದಾ? ಅದೂ ಅಲ್ಲದಿದ್ದರೆ ಬೇರೆ ಫಾರ್ಮ್ಯಾಟ್, ಆಮೇಲೆ ಹುಕ್, ಅದೂ ಆಗದಿದ್ದರೆ ಮಾತ್ರ ಕಡತದ ಪ್ರತಿ. ಡೀಫಾಲ್ಟ್ ಫೋಲ್ಡರ್ ಒಳಗೆ ಕೈ ಹಾಕುವ ಪ್ರಶ್ನೆಯೇ ಇಲ್ಲ. ಬೇರೆ ತಂತ್ರಾಂಶಗಳಲ್ಲಿ ಹೆಸರುಗಳು ಬೇರೆ, ಸಾಲು ಹೆಚ್ಚುಕಡಿಮೆ ಇದೇ. ಇನ್ನೊಂದು ರೂಢಿಯೂ ಬಂದಿದೆ: ಕಣ್ಣಿಗೆ ಕಾಣದ ಸಾಲನ್ನು ತೆಗೆಯುವ ಮೊದಲು ಅದನ್ನು ಓದುವ ಸ್ಕ್ರಿಪ್ಟ್ ಯಾವುದು ಎಂದು ಹುಡುಕುವುದು.

ಸಂಘ ಈಗ 2024ರಲ್ಲಿ ಬಂದ 5.2ಕ್ಕೆ ಹೋಗುವ ಮಾತಾಡುತ್ತಿದೆ. ಹೋಲಿಸಿ ನೋಡಬೇಕಾದ ಕಡತಗಳ ಪಟ್ಟಿ ಕೇಂದ್ರ ಕಚೇರಿಯ ಸರ್ವರ್ ಫೋಲ್ಡರ್‌ನಲ್ಲೇ ಇದೆ, ಒಂದು ಪುಟ ತುಂಬುವುದಿಲ್ಲ. ಶಾಖೆಯ ಪುಟ ಮೊದಲನೆಯದು, ಟೋಕನ್ ಸಾಲಿನ ಎದುರಿಗೆ ಯಾಕೆ ಬೇಕು ಎಂದು ಬರೆದಿದೆ. ಬೆಂಗಳೂರಿಗೆ ಹೋದ ಹುಡುಗನಿಗೂ ಅದರ ಪ್ರತಿ ಕಳಿಸಿದ್ದೆವು. ಚೀಟಿಯ ಸಹಿ ಜಾಗ ಚಿಕ್ಕದಾಯಿತು, ರಿಪೇರಿಯವರು ಫೋನ್ ನಂಬರನ್ನೂ ಅಲ್ಲೇ ಬರೆಯುತ್ತಾರೆ ಎಂದು ತಿಳಿಸಿದ. ಅದನ್ನು ದೊಡ್ಡದು ಮಾಡಿದ್ದೇವೆ.